ಸ್ಮೃತಿಯ ವರ್ಣಗಳು: ಪಿಯೆರ್ ಬೊನಾರ್‌ನ ಕಡಲು ಮತ್ತು ಉದ್ಯಾನದ ಚಿತ್ರಗಳು

ಫ್ರೆಂಚ್ ಚಿತ್ರಕಾರ ಪಿಯೆರ್ ಬೊನಾರ್ (1867–1947) ತೀರಿಕೊಂಡ ವರ್ಷವೇ ಪ್ಯಾರಿಸ್ಸಿನ ಪ್ರಭಾವಶಾಲಿ ಕಲಾಪತ್ರಿಕೆ ‘ಕಯ್ಯೆ ದಾರ್’ ಅವನ ಬಗೆಗೆ ಒಂದು ಲೇಖನವನ್ನು ಪ್ರಕಟಿಸಿತು. ಬೊನಾರ್ ನಿಜಕ್ಕೂ ದೊಡ್ಡ ಚಿತ್ರಕಾರನೇ ಎಂಬ ಪ್ರಶ್ನೆಯೇ ಆ ಲೇಖನದ ಶೀರ್ಷಿಕೆಯಾಗಿತ್ತು. ಅದನ್ನು ಬರೆದ ಸಂಪಾದಕ ಕ್ರಿಸ್ತಿಯಾನ್ ಝೆರ್ವೊಸ್ ಕೊಟ್ಟ ಉತ್ತರ ನಕಾರಾತ್ಮಕವಾದದ್ದು. ಕಣ್ಣಿಗೆ ಹಿತವಾದುದನ್ನು ಹಿತವಾಗಿ ಬರೆದವನು, ಇಂಪ್ರೆಷನಿಸಂ ಮುಗಿದ ಮೇಲೂ ಅದರ ನೆರಳಿನಲ್ಲೇ ಉಳಿದವನು ಎಂಬುದು ಆ ಆಕ್ಷೇಪದ ಸಾರ. ಇದನ್ನು ಓದಿ ಕೆರಳಿದ ಆಂರಿ ಮಾತಿಸ್ 1948ರ ಜನವರಿಯಲ್ಲಿ ಅದೇ ಪತ್ರಿಕೆಯ ಪುಟದ ಮೇಲೆ, ಬೊನಾರ್ ಇಂದಿಗೂ ಮುಂದೆಂದಿಗೂ ದೊಡ್ಡ ಚಿತ್ರಕಾರನೆಂದು ಪ್ರಮಾಣೀಕರಿಸುವ ಮಾತನ್ನು ಬರೆದು ಸಹಿ ಹಾಕಿದ. ಪಿಕಾಸೊಗೂ ಬೊನಾರ್‌ನ ವಿಷಯದಲ್ಲಿ ಸಹನೆಯಿರಲಿಲ್ಲ ಎಂಬುದು 1964ರಲ್ಲಿ ಹೊರಬಂದ ಫ್ರಾಂಸ್ವಾಸ್ ಜಿಲೋ ಅವರ ನೆನಪುಗಳಿಂದ ತಿಳಿದುಬರುತ್ತದೆ. ಅವನ ದೃಷ್ಟಿಯಲ್ಲಿ ಬೊನಾರ್‌ನ ಬಣ್ಣಗಾರಿಕೆ ಯಾವ ನಿರ್ಧಾರಕ್ಕೂ ಬಾರದ ಮನಸ್ಸಿನ ಫಲವಾಗಿತ್ತು.

ಈ ಆಕ್ಷೇಪಗಳ ಹಿಂದೆ ಒಂದು ಗ್ರಹಿಕೆ ಅಡಗಿದೆ. ದಕ್ಷಿಣ ಫ್ರಾನ್ಸಿನ ಕಡಲು, ಹೂಬಿಟ್ಟ ತೋಟ, ತೆರೆದ ಕಿಟಕಿ, ಹಣ್ಣಿನ ಬುಟ್ಟಿ ಇವುಗಳನ್ನು ಬರೆದವನು ಅವುಗಳ ಎದುರಿಗೆ ನೆಮ್ಮದಿಯಾಗಿ ಕುಳಿತು ಬರೆದಿರಬೇಕು ಎಂಬುದೇ ಆ ಗ್ರಹಿಕೆ. ವಾಸ್ತವ ಇದಕ್ಕೆ ವಿರುದ್ಧವಾದದ್ದು. ಬೊನಾರ್ ತನ್ನ ಪ್ರೌಢ ಕೃತಿಗಳನ್ನು ದೃಶ್ಯದ ಎದುರಿನಲ್ಲಿ ರಚಿಸಲಿಲ್ಲ. ಕೋಣೆಯೊಳಗೆ, ನೆನಪಿನಿಂದ, ಅನೇಕ ವೇಳೆ ಹತ್ತಾರು ವರ್ಷಗಳ ಅವಧಿಯಲ್ಲಿ ರಚಿಸಿದ. ಈ ಸಂಗತಿಯನ್ನು ಗಣನೆಗೆ ತೆಗೆದುಕೊಂಡರೆ ಅವನ ಕಡಲತೀರ ಮತ್ತು ಉದ್ಯಾನಗಳ ಅರ್ಥವೇ ಬೇರೆಯಾಗುತ್ತದೆ. ನೋಡಿದ ಗಳಿಗೆಗೂ ಬರೆದು ಮುಗಿಸಿದ ಗಳಿಗೆಗೂ ನಡುವೆ ಚಿತ್ರಕಾರನ ಬದುಕಿನಲ್ಲಿ ಸಂಭವಿಸಿದ ಬದಲಾವಣೆಗಳು ಆ ಚಿತ್ರಗಳೊಳಗೆ ಹೇಗೆ ಸೇರಿಕೊಂಡವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಬೊನಾರ್ ಹುಟ್ಟಿದ್ದು 1867ರ ಅಕ್ಟೋಬರ್ 3ರಂದು, ಪ್ಯಾರಿಸ್ಸಿನ ಸಮೀಪದ ಫೊಂತನೆ-ಒ-ರೋಜ್‌ನಲ್ಲಿ. ಆಗ್ನೇಯ ಫ್ರಾನ್ಸಿನ ದೋಫಿನೆ ಪ್ರಾಂತದ ಲ ಗ್ರಾಂ-ಲಾಂಪ್ಸ್ ಎಂಬಲ್ಲಿ ಅವನ ಮನೆತನಕ್ಕೆ ದೊಡ್ಡ ತೋಟವಿದ್ದ ಮನೆಯೊಂದಿತ್ತು. ಬಾಲ್ಯದ ಬೇಸಿಗೆಗಳು ಅಲ್ಲಿ ಕಳೆದವು. ತಂದೆಯ ಇಚ್ಛೆಯಂತೆ ಕಾನೂನು ಓದಿದರೂ ಅವನ ಒಲವು ಚಿತ್ರಕಲೆಯ ಕಡೆಗೇ ಇತ್ತು. ಅಕಾಡೆಮಿ ಜೂಲಿಯಾನ್‌ನಲ್ಲಿ ಅವನಿಗೆ ಮೋರಿಸ್ ದೆನಿ, ಪೋಲ್ ಸೆರ್ಯೂಸಿಯೆ ಮೊದಲಾದವರ ಸ್ನೇಹವಾಯಿತು. ಎದ್ವಾರ್ ವ್ಯುಯಾರ್ ಕೂಡ ಬೇಗನೆ ಈ ಬಳಗಕ್ಕೆ ಸೇರಿದ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಆರು ದಶಕಗಳ ತರುವಾಯ, 1949–50ರಲ್ಲಿ, ಅಧ್ಯಯನಕ್ಕೆಂದು ಹೋದದ್ದೂ ಇದೇ ಅಕಾಡೆಮಿ ಜೂಲಿಯಾನ್‌ಗೆ ಎಂಬುದನ್ನು ಇಲ್ಲಿ ನೆನೆಯಬಹುದು.

1888ರಲ್ಲಿ ಸೆರ್ಯೂಸಿಯೆ ಬ್ರಿಟನಿಯ ಕರಾವಳಿ ಪ್ರಾಂತದ ಪೊಂತವೆನ್‌ಗೆ ಹೋಗಿ, ಗೊಗ್ಯಾಂನ ಮಾರ್ಗದರ್ಶನದಲ್ಲಿ ಬರೆದ ಪುಟ್ಟ ಭೂದೃಶ್ಯವೊಂದನ್ನು ಗೆಳೆಯರಿಗೆ ತಂದು ತೋರಿಸಿದ. ಶುದ್ಧ ವರ್ಣಗಳ ಪಟ್ಟಿಗಳಂತೆ ಕಾಣುವ ಆ ಚಿತ್ರಕ್ಕೆ ಗೆಳೆಯರು ‘ತಾಲಿಸ್ಮಾನ್’, ಅಂದರೆ ತಾಯಿತ, ಎಂದು ಹೆಸರಿಟ್ಟರು. ಈ ಬಳಗವೇ ಮುಂದೆ ‘ನಬಿ’ಗಳೆಂದು ಹೆಸರಾಯಿತು. ಹೀಬ್ರೂ ಮೂಲದ ಈ ಪದಕ್ಕೆ ಪ್ರವಾದಿ ಎಂದರ್ಥ. ನಿಸರ್ಗವನ್ನು ಯಥಾವತ್ತಾಗಿ ನಕಲು ಮಾಡಬಾರದು, ನೆನಪಿನಿಂದ ಬರೆಯಬೇಕು, ನೆನಪು ಅನವಶ್ಯಕವಾದುದನ್ನು ತಾನಾಗಿಯೇ ಕಳಚಿಹಾಕುತ್ತದೆ ಎಂಬುದು ಗೊಗ್ಯಾಂನಿಂದ ಇವರಿಗೆ ದೊರೆತ ಪಾಠ. ಜಪಾನಿನ ಮರದಚ್ಚಿನ ಚಿತ್ರಗಳ ಆಕರ್ಷಣೆಯೂ ಇದರ ಜೊತೆಗೆ ಸೇರಿತು. ಆಳವನ್ನು ಮರೆತು ಮೇಲ್ಮೈಯನ್ನು ಮುಖ್ಯವಾಗಿಸುವುದು, ಆಕೃತಿಗಳನ್ನು ಚೌಕಟ್ಟಿನ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸುವುದು ಮುಂತಾದ ಕ್ರಮಗಳು ಬೊನಾರ್‌ಗೆ ಅಲ್ಲಿಂದ ಬಂದವು. ಬಳಗ 1900ರ ಹೊತ್ತಿಗೆ ಚದುರಿಹೋಯಿತು. ಅದು ಕಲಿಸಿದ ಸ್ಮೃತಿಯ ಪಾಠವನ್ನು ಬೊನಾರ್ ಮಾತ್ರ ಮುಂದಿನ ಅರ್ಧ ಶತಮಾನ ಬಿಡದೆ ಅನುಸರಿಸಿದ.

ತೀರ ಮತ್ತು ತೋಟ

ಬೊನಾರ್‌ನ ಭೂದೃಶ್ಯಗಳಿಗೆ ಎರಡು ದಿಕ್ಕುಗಳಿವೆ. ಒಂದು ಉತ್ತರದ ನಾರ್ಮಂಡಿ. ಮೋಡ, ಮಳೆ, ಹಸಿರು, ಸೇನ್ ನದಿ ಹಾಗೂ ಇಂಗ್ಲಿಷ್ ಕಾಲುವೆಯ ಬಂದರುಗಳ ಪ್ರದೇಶವದು. 1912ರಲ್ಲಿ ಅವನು ಸೇನ್ ನದಿಯ ದಡದ ವೆರ್ನೊನೆಯಲ್ಲಿ ‘ಮಾ ರುಲೊತ್’ ಎಂಬ ಸಣ್ಣ ಮನೆಯನ್ನು ಕೊಂಡ. ಕ್ಲೋದ್ ಮೊನೆಯ ಜಿವೆರ್ನಿ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ. ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗುತ್ತಿದ್ದರು. ಆದರೆ ಇಬ್ಬರ ತೋಟಗಳಿಗೂ ಹೋಲಿಕೆ ಕಡಿಮೆ. ಮೊನೆ ಚಿತ್ರಕ್ಕಾಗಿಯೇ ಕೊಳವನ್ನು ತೋಡಿಸಿ, ತಾವರೆ ಬೆಳೆಸಿ, ತೋಟಗಾರರನ್ನು ನೇಮಿಸಿದ. ಬೊನಾರ್ ತನ್ನ ತೋಟವನ್ನು ಹೆಚ್ಚುಕಡಿಮೆ ಕಾಡಾಗಿ ಬೆಳೆಯಲು ಬಿಟ್ಟ. 1913ರ ‘ಹಳ್ಳಿಯ ಊಟದ ಕೋಣೆ’ (ಮಿನಿಯಾಪೊಲಿಸ್ ಕಲಾಸಂಸ್ಥೆ) ಇಲ್ಲಿಗೆ ಸಂಬಂಧಿಸಿದ ಕೃತಿ. ತೆರೆದ ಬಾಗಿಲು, ತೆರೆದ ಕಿಟಕಿ, ಹೊರಗಿನಿಂದ ಕಿಟಕಿಯ ಮೇಲೆ ಒರಗಿ ಒಳನೋಡುವ ಹೆಂಗಸು. ತೋಟ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಕೋಣೆಯ ಗೋಡೆಗೂ ಹೊರಗಿನ ಹುಲ್ಲಿಗೂ ಒಂದೇ ಬೆಳಕು.

ಎರಡನೆಯ ದಿಕ್ಕು ದಕ್ಷಿಣದ ಮೆಡಿಟರೇನಿಯನ್ ತೀರ. 1909ರ ಬೇಸಿಗೆಯಲ್ಲಿ ಸ್ಯಾಂ-ತ್ರೋಪೆಗೆ ಹೋದಾಗ ಅಲ್ಲಿಯ ಬೆಳಕು ಅವನನ್ನು ಬೆರಗುಗೊಳಿಸಿತು. ಕಡಲು, ಹಳದಿ ಗೋಡೆಗಳು, ಬೆಳಕಿನಷ್ಟೇ ಬಣ್ಣ ತುಂಬಿದ ನೆರಳುಗಳ ಬಗೆಗೆ ತಾಯಿಗೆ ಪತ್ರ ಬರೆದ. 1926ರಲ್ಲಿ ಕಾನ್ ಪಟ್ಟಣದ ಮೇಲಿನ ಗುಡ್ಡದ ಲ ಕಾನೆಯಲ್ಲಿ ‘ಲ ಬೊಸ್ಕೆ’ ಎಂಬ ಮನೆಯನ್ನು ಕೊಂಡ. ತೋಟದಲ್ಲಿ ಬಾದಾಮಿ, ಮಿಮೋಸ ಮರಗಳು, ಕೆಳಗೆ ಕೆಂಪು ಹೆಂಚಿನ ಮನೆಗಳ ಸಾಲು, ಅದರಾಚೆ ಕೊಲ್ಲಿ, ಪಶ್ಚಿಮಕ್ಕೆ ಎಸ್ತರೆಲ್ ಬೆಟ್ಟಗಳು. ಅಲ್ಲಿ ಅವನ ಕೆಲಸದ ಕೋಣೆ ತೀರ ಚಿಕ್ಕದಾಗಿತ್ತು. 1939ರಿಂದ ಸಾಯುವ ತನಕ ಅವನು ಬಹುಮಟ್ಟಿಗೆ ಇಲ್ಲಿಯೇ ನೆಲೆಸಿದ.

ಅದೇ 1926ರ ‘ತಾಳೆಗರಿ’ (ಫಿಲಿಪ್ಸ್ ಸಂಗ್ರಹ, ವಾಷಿಂಗ್ಟನ್) ಈ ನೆಲೆಯ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಮೇಲೆ ಕಮಾನಿನಂತೆ ಬಾಗಿದ ಗರಿಗಳು, ನಡುವೆ ಬಿಸಿಲಿನಲ್ಲಿ ಉರಿಯುವ ಚಾವಣಿಗಳು, ದೂರದಲ್ಲಿ ನೀಲಿಯಾದ ಕಡಲು. ಮುನ್ನೆಲೆಯಲ್ಲಿ ಕೈಯಲ್ಲಿ ಹಣ್ಣು ಹಿಡಿದ ಹೆಂಗಸೊಬ್ಬಳು ನಿಂತಿದ್ದಾಳೆ. ಚಿತ್ರದ ಎಲ್ಲಕ್ಕಿಂತ ಹತ್ತಿರದ ವಸ್ತು ಅವಳು. ಆದರೆ ಕಣ್ಣಿಗೆ ಕೊನೆಯಲ್ಲಿ ಬೀಳುವವಳೂ ಅವಳೇ. ನೇರಳೆಛಾಯೆಯ ನೆರಳಿನಲ್ಲಿ ಅವಳ ಮುಖ ಕರಗಿದೆ. ಬಿಸಿಲಿನ ಚಾವಣಿಗಳನ್ನು ದಾಟಿ ಕಡಲಿನ ತನಕ ಹೋದ ನೋಟ ಹಿಂತಿರುಗಿದಾಗ ಮಾತ್ರ ಅವಳು ಕಾಣಿಸಿಕೊಳ್ಳುತ್ತಾಳೆ. ಕಡಲತೀರದ ಚಿತ್ರವೆಂದು ನೋಡತೊಡಗಿದ್ದು ಹೀಗೆ ಒಬ್ಬ ವ್ಯಕ್ತಿಯನ್ನು ಗುರುತಿಸುವ ಕ್ರಿಯೆಯಾಗಿ ಕೊನೆಗೊಳ್ಳುತ್ತದೆ. 1998ರಲ್ಲಿ ಲಂಡನ್ನಿನ ಟೇಟ್ ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಗಳು ಏರ್ಪಡಿಸಿದ ಪ್ರದರ್ಶನದ ಸಂದರ್ಭದಲ್ಲಿ ಜಾನ್ ಎಲ್ಡರ್‌ಫೀಲ್ಡ್ ಈ ನಿಧಾನಗತಿಯ ಗ್ರಹಿಕೆಯನ್ನು ಕಣ್ಣಂಚಿನ ದೃಷ್ಟಿಯ ಸ್ವಭಾವಕ್ಕೆ ಸಂಬಂಧಿಸಿ ವಿವೇಚಿಸಿದ್ದು ಬೊನಾರ್ ಅಧ್ಯಯನಕ್ಕೆ ಹೊಸ ದಾರಿಯನ್ನು ತೋರಿತು.

ರಚನೆಯ ಕ್ರಮ

ಬೊನಾರ್ ದಿನವೂ ಬೆಳಗ್ಗೆ ತಿರುಗಾಡಲು ಹೋಗುತ್ತಿದ್ದ. ಜೇಬಿನಲ್ಲಿ ಸಣ್ಣ ದಿನಚರಿ ಪುಸ್ತಕ, ಮೊಂಡು ಪೆನ್ಸಿಲು. 1927ರಿಂದ 1946ರವರೆಗಿನ ಈ ದಿನಚರಿಗಳು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಆತ್ಮಕಥನವನ್ನು ಹುಡುಕುವವರಿಗೆ ನಿರಾಶೆ ಖಂಡಿತ. ಆಯಾ ದಿನದ ಹವೆ ಹೇಗಿತ್ತು, ಬಿಸಿಲೋ ಮೋಡವೋ ಮಳೆಯೋ ಎಂಬ ಒಂದೆರಡು ಪದಗಳು, ಅಂಗೈಯಗಲದ ರೇಖಾಂಕನಗಳು, ಸಾಮಾನು ಕೊಳ್ಳುವ ಪಟ್ಟಿ, ಅಲ್ಲೊಂದು ಇಲ್ಲೊಂದು ಕಲೆಯ ಬಗೆಗಿನ ಟಿಪ್ಪಣಿ. ರೇಖಾಂಕನಗಳಲ್ಲಿ ಚುಕ್ಕಿ, ಗೀರು, ಗೀಚುಗಳ ವೈವಿಧ್ಯದಿಂದಲೇ ಬೆಳಕಿನ ಏರಿಳಿತವನ್ನು ಗುರುತು ಹಾಕಿಕೊಳ್ಳುತ್ತಿದ್ದ. ರೇಖೆ ಸಂವೇದನೆಗೆ ಸೇರಿದ್ದು, ಬಣ್ಣ ಆಲೋಚನೆಗೆ ಸೇರಿದ್ದು ಎಂಬುದು ಅವನ ನಿಲುವು. ಬಣ್ಣವನ್ನು ಭಾವಕ್ಕೂ ರೇಖೆಯನ್ನು ಬುದ್ಧಿಗೂ ಒಪ್ಪಿಸುವ ರೂಢಿಯ ಮಾತಿಗೆ ಇದು ತಿರುಗುಮುರುಗಾದದ್ದು. ಅವನ ಚಿತ್ರಗಳು ತಕ್ಷಣದ ಉಲ್ಲಾಸದ ಫಲಗಳಲ್ಲ ಎಂಬುದಕ್ಕೆ ಈ ನಿಲುವೇ ಸಾಕ್ಷಿ.

ಮನೆಗೆ ಮರಳಿದ ಮೇಲೆ ಬಣ್ಣದ ಕೆಲಸ. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಬಿಗಿಯದೆ ನೇರವಾಗಿ ಗೋಡೆಗೆ ಮೊಳೆಯಿಂದ ಹೊಡೆಯುತ್ತಿದ್ದ. ಚಿತ್ರದ ಅಳತೆಯನ್ನು ಮೊದಲೇ ನಿಗದಿ ಮಾಡದಿರುವುದು ಇದರ ಉದ್ದೇಶ. ಬರೆಯುತ್ತ ಹೋದಂತೆ ಅದು ಎಡಕ್ಕೋ ಬಲಕ್ಕೋ ಬೆಳೆಯಬಹುದಿತ್ತು. ಒಂದೇ ಗೋಡೆಯ ಮೇಲೆ ಹಲವು ಚಿತ್ರಗಳು ಏಕಕಾಲಕ್ಕೆ ನಡೆಯುತ್ತಿದ್ದವು. ಒಂದಕ್ಕೆಂದು ಕಲಸಿದ ಬಣ್ಣ ಇನ್ನೊಂದಕ್ಕೂ ಹೊಂದುವುದಾದರೆ ಅಲ್ಲಿಗೂ ಒಂದು ಸ್ಪರ್ಶ. ಹೀಗಾಗಿ ಊಟದ ಮೇಜಿನ ಚಿತ್ರಕ್ಕೂ ಕಡಲಿನ ಚಿತ್ರಕ್ಕೂ ಬಣ್ಣಗಳ ನಂಟು ಬೆಳೆಯುತ್ತಿತ್ತು. ಬರೆಯುವ ಹೊತ್ತಿನಲ್ಲಿ ವಸ್ತು ಎದುರಿಗಿರುವುದು ಚಿತ್ರಕಾರನಿಗೆ ತೊಡಕು, ಏಕೆಂದರೆ ವಸ್ತುವಿನ ಆಕರ್ಷಣೆ ಅವನ ಮೂಲ ಕಲ್ಪನೆಯನ್ನು ಮರೆಸಿಬಿಡುತ್ತದೆ ಎಂಬ ಅರ್ಥದ ಮಾತನ್ನು ಅವನು 1943ರ ಸಂಭಾಷಣೆಯೊಂದರಲ್ಲಿ ಹೇಳಿದ್ದಾನೆ. ಸಂಗ್ರಹಾಲಯದಲ್ಲಿ ತೂಗುಹಾಕಿದ್ದ ತನ್ನ ಹಳೆಯ ಚಿತ್ರವನ್ನು, ಜೊತೆಗೆ ಬಂದ ಗೆಳೆಯ ಕಾವಲುಗಾರನನ್ನು ಮಾತಿಗೆಳೆದಿರುವಾಗ, ಅವನು ಗುಟ್ಟಾಗಿ ತಿದ್ದಿದನೆಂಬ ಕಥೆಯೂ ಪ್ರಚಾರದಲ್ಲಿದೆ.

ತ್ರೂವಿಲ್ ಬಂದರಿನ ಚಿತ್ರ ಈ ಕ್ರಮಕ್ಕೆ ಉತ್ತಮ ನಿದರ್ಶನ. 1936ರ ಸುಮಾರಿಗೆ ಕೈಗೆತ್ತಿಕೊಂಡ ಅದನ್ನು ಬೊನಾರ್ 1940ರ ದಶಕದ ನಡುವಿನವರೆಗೂ ಬರೆಯುತ್ತಲೇ ಇದ್ದ. ಈ ನಡುವೆ ಎರಡನೆಯ ಮಹಾಯುದ್ಧ ಆರಂಭವಾಯಿತು. 1940ರಲ್ಲಿ ನಾರ್ಮಂಡಿ ಜರ್ಮನ್ ಸೇನೆಯ ವಶವಾಯಿತು. ಚಿತ್ರಕಾರನಿದ್ದದ್ದು ದೇಶದ ಇನ್ನೊಂದು ತುದಿಯಲ್ಲಿ. ಅಂದರೆ, ಹೋಗಿ ನೋಡಲು ಸಾಧ್ಯವೇ ಇಲ್ಲದ ಉತ್ತರದ ಕಡಲನ್ನು ಅವನು ದಕ್ಷಿಣದ ಕಡಲಿನ ಮಗ್ಗುಲಲ್ಲಿ ಕುಳಿತು ಕಟ್ಟುತ್ತಿದ್ದ. ಬಂದರು ಒಂದು ಸ್ಥಳವಾಗಿ ಉಳಿಯದೆ ಸ್ಮೃತಿಯಾದ ಬಗೆ ಇದು.

ಕಾಳಿದಾಸನ ಒಂದು ಸನ್ನಿವೇಶ

ನೆನಪಿನಿಂದ ಚಿತ್ರ ಬರೆಯುವ ಕ್ರಿಯೆ ಭಾರತೀಯ ಓದುಗರಿಗೆ ಅಪರಿಚಿತವಲ್ಲ. ‘ಅಭಿಜ್ಞಾನಶಾಕುಂತಲ’ದ ಆರನೆಯ ಅಂಕ ಇದಕ್ಕೆ ಸುಪ್ರಸಿದ್ಧ ಉದಾಹರಣೆ. ಬಸಪ್ಪಶಾಸ್ತ್ರಿಗಳ ಅನುವಾದದ ಕಾಲದಿಂದಲೂ ಕನ್ನಡ ಓದುಗರು ಬಲ್ಲ ಸನ್ನಿವೇಶವಿದು. ಉಂಗುರ ದೊರೆತು ನೆನಪು ಮರಳಿದ ದುಷ್ಯಂತ ಪ್ರಮದವನದಲ್ಲಿ ಕುಳಿತು, ತಾನೇ ಬರೆದ ಶಕುಂತಲೆಯ ಚಿತ್ರವನ್ನು ನೋಡುತ್ತಾನೆ. ಚಿತ್ರ ಅವನಿಗೆ ಪೂರ್ಣವೆನ್ನಿಸುವುದಿಲ್ಲ. ಮಾಲಿನೀ ನದಿ, ಅದರ ಮರಳಿನ ಮೇಲಿನ ಹಂಸಗಳ ಜೋಡಿ, ಹಿಮಾಲಯದ ತಪ್ಪಲು, ಜಿಂಕೆಗಳು ಇವೆಲ್ಲ ಇನ್ನೂ ಬರೆಯಬೇಕಾದವು ಎನ್ನುತ್ತಾನೆ. ಅವಳಿಲ್ಲದ ಉದ್ಯಾನದಲ್ಲಿ ಕುಳಿತು ಅವಳಿದ್ದ ತೀರವನ್ನು ನೆನಪಿನಿಂದ ಪೂರ್ತಿಮಾಡುವ ಹಂಬಲ ಅದು. ರಮ್ಯವಾದುದನ್ನು ಕಂಡಾಗ ಸುಖಿಯಾದವನಲ್ಲೂ ಹುಟ್ಟುವ ಕಾರಣ ತಿಳಿಯದ ತಳಮಳವನ್ನು ಅದೇ ನಾಟಕದ ಐದನೆಯ ಅಂಕದ ಪದ್ಯವೊಂದು ಹೇಳುತ್ತದೆ. ಅದನ್ನು ವಿವೇಚಿಸುವಾಗ ಅಭಿನವಗುಪ್ತನು ಅಲ್ಲಿಯ ಸ್ಮೃತಿ ಲೌಕಿಕವಾದ ನೆನಪಿನಂಥದಲ್ಲ ಎಂದು ಗುರುತಿಸಿದ್ದಾನೆ.

ಬೊನಾರ್‌ಗೂ ಈ ಪರಂಪರೆಗೂ ನೇರ ಸಂಬಂಧವಿಲ್ಲ. ಆದರೂ ಈ ಹೋಲಿಕೆಯಿಂದ ಒಂದು ಪ್ರಯೋಜನವುಂಟು. ಹಿಂದೆ ನಡೆದುದನ್ನು ಇದ್ದಂತೆ ಎತ್ತಿಕೊಡುವ ಶಕ್ತಿಯಷ್ಟೇ ನೆನಪಲ್ಲ. ಕಳೆದುಕೊಂಡವನ ಇಂದಿನ ಸ್ಥಿತಿ ಅದರೊಳಗೆ ಕೆಲಸ ಮಾಡುತ್ತಿರುತ್ತದೆ. ದುಷ್ಯಂತನ ಚಿತ್ರಕ್ಕೆ ನದಿಯನ್ನು ಸೇರಿಸುವುದು ಪಶ್ಚಾತ್ತಾಪ. ಬೊನಾರ್‌ನ ಕೊನೆಯ ಕೃತಿಗಳನ್ನು ನೋಡುವಾಗ ಈ ಮಾತು ಉಪಯುಕ್ತವಾಗುತ್ತದೆ.

ಒಳಗಿನ ಪರಿವರ್ತನೆ

ಬೊನಾರ್ 1893ರಲ್ಲಿ ಪ್ಯಾರಿಸ್ಸಿನಲ್ಲಿ ಮಾರ್ತ್ ಎಂಬಾಕೆಯನ್ನು ಭೇಟಿಯಾದ. ಅವಳ ನಿಜನಾಮ ಮರಿಯಾ ಬೂರ್ಸ್ಯಾಂ. ಮುಂದಿನ ಐದು ದಶಕಗಳ ಕಾಲ ಅವನ ಚಿತ್ರಗಳಲ್ಲಿ ಅತಿ ಹೆಚ್ಚು ಬಾರಿ ಕಾಣಿಸಿಕೊಂಡವಳು ಅವಳೇ. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ರೆನೆ ಮೋಂಶಾತಿ ಎಂಬ ಕಿರಿಯ ಹೆಣ್ಣು ಅವನ ಬದುಕಿನಲ್ಲಿ ಬಂದಳು. 1921ರಲ್ಲಿ ಅವನು ಅವಳೊಂದಿಗೆ ರೋಮಿಗೆ ಹೋಗಿದ್ದ. ಕೊನೆಗೆ 1925ರ ಆಗಸ್ಟಿನಲ್ಲಿ ಬೊನಾರ್ ಮಾರ್ತ್‌ಳನ್ನು ವಿಧಿವತ್ತಾಗಿ ಮದುವೆಯಾದ. ಅದಾದ ಸ್ವಲ್ಪ ದಿನಗಳಲ್ಲೇ ರೆನೆ ಪ್ರಾಣ ಕಳೆದುಕೊಂಡಳು.

‘ಉದ್ಯಾನದಲ್ಲಿ ತರುಣಿಯರು’ ಎಂಬ ಚಿತ್ರವನ್ನು ಬೊನಾರ್ 1921–23ರ ಸುಮಾರಿಗೆ ಆರಂಭಿಸಿದ್ದ. ಹೊಂಬಣ್ಣದ ಕೂದಲಿನ ರೆನೆ ಚಿತ್ರದ ಮಧ್ಯದಲ್ಲಿ ಕುಳಿತಿದ್ದಾಳೆ. ಕೆಳಗಿನ ಬಲಮೂಲೆಯಲ್ಲಿ, ಚೌಕಟ್ಟಿನ ಅಂಚಿಗೆ ಸಿಕ್ಕು ಅರೆಬರೆಯಾಗಿ ಕಾಣುವ ಮುಖ ಮಾರ್ತ್‌ಳದು. ಚಿತ್ರ ಎರಡು ದಶಕಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. 1942ರ ಜನವರಿಯಲ್ಲಿ ಮಾರ್ತ್ ತೀರಿಕೊಂಡಳು. 1945–46ರಲ್ಲಿ, ಇಬ್ಬರು ಹೆಂಗಸರೂ ಇಲ್ಲವಾದ ಮೇಲೆ, ಎಂಬತ್ತರ ಸಮೀಪದಲ್ಲಿದ್ದ ಬೊನಾರ್ ಆ ಕ್ಯಾನ್ವಾಸನ್ನು ಹೊರತೆಗೆದು ಮತ್ತೆ ಬರೆದ. ಹಿನ್ನೆಲೆಯ ಉದ್ಯಾನವನ್ನು ಚಿನ್ನದಂಥ ಹಳದಿಯಿಂದ ತುಂಬಿದ. ಆದರೆ ಮಾರ್ತ್‌ಳನ್ನು ಅಂಚಿನಿಂದ ಮಧ್ಯಕ್ಕೆ ತರಲಿಲ್ಲ, ರೆನೆಯನ್ನು ಅಳಿಸಲೂ ಇಲ್ಲ. ಮೊದಲು ಇದ್ದ ಇಕ್ಕಟ್ಟನ್ನು ಇದ್ದ ಹಾಗೆಯೇ ಉಳಿಸಿ, ಅದರ ಸುತ್ತಲಿನ ಬೆಳಕನ್ನು ಮಾತ್ರ ಬದಲಿಸಿದ. ತಪ್ಪೊಪ್ಪಿಗೆ, ಕ್ಷಮೆ, ಸಮರ್ಥನೆ ಇವುಗಳಲ್ಲಿ ಯಾವುದೆಂದು ಹೆಸರಿಸಲಾಗದ ಒಂದು ಮನಃಸ್ಥಿತಿ ಅಲ್ಲಿದೆ.

ಆ ವರ್ಷಗಳು ನಷ್ಟಗಳ ವರ್ಷಗಳೂ ಆಗಿದ್ದವು. 1940ರಲ್ಲಿ ವ್ಯುಯಾರ್, 1943ರಲ್ಲಿ ದೆನಿ, 1944ರಲ್ಲಿ ರುಸೆಲ್ ಮತ್ತು ಮಯ್ಯೋಲ್ ತೀರಿಕೊಂಡರು. ತಾರುಣ್ಯದ ಬಳಗದಲ್ಲಿ ಬೊನಾರ್ ಹೆಚ್ಚುಕಡಿಮೆ ಒಂಟಿಯಾಗಿ ಉಳಿದ. ಆಹಾರ, ಇಂಧನಗಳ ಅಭಾವ ಬೇರೆ. ಇದೇ ಕಾಲದಲ್ಲಿ ಅವನ ವರ್ಣಗಳು ಎಂದಿಗಿಂತ ಹೆಚ್ಚು ಉಜ್ವಲವಾದವು. 1939ರಲ್ಲಿ ತೊಡಗಿ 1946ರ ತನಕ ಬರೆದ ‘ಮಿಮೋಸದೊಡನೆ ಚಿತ್ರಶಾಲೆ’ (ಪಾಂಪಿದು ಕೇಂದ್ರ, ಪ್ಯಾರಿಸ್) ಇದಕ್ಕೆ ಸಾಕ್ಷಿ. ಮಿಮೋಸವು ಜಾಲಿಯ ಬಳಗದ ಮರ. ಚಳಿಗಾಲ ಮುಗಿಯುವ ಮುನ್ನವೇ ಹಳದಿ ಹೂ ಬಿಡುತ್ತದೆ. ಚಿತ್ರಶಾಲೆಯ ದೊಡ್ಡ ಕಿಟಕಿಯಾಚೆ ಈ ಹಳದಿ ಜ್ವಾಲೆಯಂತೆ ಎದ್ದು ನಿಂತಿದೆ. ಎಡಗಡೆಯ ಕೆಳಮೂಲೆಯಲ್ಲಿ, ಗೋಡೆಯ ಬಣ್ಣದೊಳಗೆ ಬೆರೆತುಹೋದ ಒಂದು ಮುಖ ನಿಧಾನವಾಗಿ ಗೋಚರಿಸುತ್ತದೆ. ಹಾಡುವವನೆಲ್ಲ ಸುಖಿಯಾಗಿರಬೇಕೆಂದೇನಿಲ್ಲ ಎಂಬರ್ಥದ ಟಿಪ್ಪಣಿಯನ್ನು ಬೊನಾರ್ 1944ರಲ್ಲಿ ತನ್ನ ದಿನಚರಿಯಲ್ಲಿ ಮಾಡಿಕೊಂಡಿದ್ದಾನೆ. ಸಂತೋಷದ ಚಿತ್ರಕಾರನೆಂದು ಅವನನ್ನು ಹೊಗಳುವವರೂ ತೆಗಳುವವರೂ ಅಗತ್ಯವಾಗಿ ಗಮನಿಸಬೇಕಾದ ಮಾತಿದು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಪ್ರತಿಯೊಂದು ಹಳದಿಯನ್ನೂ ಒಂದೊಂದು ಸಾವಿಗೆ ಜೋಡಿಸಿ ಅರ್ಥ ಹೇಳುವುದು ಸುಲಭ. ಅದು ಸಾಧುವಾದ ಕ್ರಮವಲ್ಲ. ಯಾವ ದುಃಖದ ಹಿನ್ನೆಲೆಯೂ ಇಲ್ಲದ ಚಿತ್ರಗಳನ್ನೂ ಬೊನಾರ್ ವರ್ಷಗಟ್ಟಲೆ ತಿದ್ದಿದ್ದಾನೆ. ದೀರ್ಘಕಾಲದ ತಿದ್ದುವಿಕೆ ಮೊದಲಿನಿಂದಲೂ ಅವನ ಕಸುಬಿನ ರೀತಿ. ಆ ರೀತಿಯೇ ಚಿತ್ರದ ಬಾಗಿಲನ್ನು ಕಾಲಕ್ಕೆ ತೆರೆದಿಟ್ಟಿತು, ಅದರ ಮೂಲಕ ಬದುಕಿನ ಬದಲಾವಣೆಗಳು ಒಳಬಂದವು ಎನ್ನುವುದು ಹೆಚ್ಚು ಸಮಂಜಸ.

ಸಮಾಪ್ತಿ

ಬೊನಾರ್‌ನ ಕೊನೆಯ ಕೃತಿ ‘ಹೂಬಿಟ್ಟ ಬಾದಾಮಿ ಮರ’ (1946–47). ಲ ಬೊಸ್ಕೆಯ ಅವನ ಮಲಗುವ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಮರವದು. ಹಿಂದೆಯೂ ಹಲವು ಬಾರಿ ಅದನ್ನು ಬರೆದಿದ್ದ. ಮರ ಬಿಳಿಯ ಹೂಗಳಿಂದ ನೀಲಿ ಆಕಾಶದ ಎದುರು ಸಿಡಿದಂತೆ ನಿಂತಿದೆ. ಅಂತಿಮ ದಿನಗಳಲ್ಲಿ ಕುಂಚ ಹಿಡಿಯುವ ಶಕ್ತಿಯೂ ಉಡುಗಿದಾಗ, ಎಡಭಾಗದ ಕೆಳಗಿನ ನೆಲದ ಹಸಿರು ಸರಿಯಿಲ್ಲ, ಅಲ್ಲಿ ಹಳದಿ ಬೇಕು ಎಂದು ಸೋದರಳಿಯ ಶಾರ್ಲ್ ತೆರಾಸ್‌ಗೆ ತಿಳಿಸಿ, ಅವನ ನೆರವಿನಿಂದ ಆ ಜಾಗವನ್ನು ಬದಲಿಸಿದ. 1947ರ ಜನವರಿ 23ರಂದು ತೀರಿಕೊಂಡ.

ಅನಂತರದ ಸಂಗತಿಗಳು ಅವನ ಕೀರ್ತಿಯ ಮೇಲೂ ಪರಿಣಾಮ ಬೀರಿದವು. ಮಾರ್ತ್ ಉಯಿಲು ಬರೆಯದೆ ಸತ್ತಿದ್ದಳು. ಫ್ರೆಂಚ್ ಕಾನೂನಿನಂತೆ ದಂಪತಿಗಳ ಸ್ವತ್ತಿನಲ್ಲಿ ಅವಳ ಪಾಲು ಅವಳ ವಾರಸುದಾರರಿಗೆ ಸೇರಬೇಕಾಗಿತ್ತು. ಚಿತ್ರಗಳ ಪಟ್ಟಿ, ಪಾಲುಪಟ್ಟಿಗಳನ್ನು ತಪ್ಪಿಸಲು ಬೊನಾರ್ ತಾನೇ ಅವಳ ಹೆಸರಿನಲ್ಲಿ ಉಯಿಲೊಂದನ್ನು ಬರೆದಿಟ್ಟಿದ್ದ. ಇದು ಬೆಳಕಿಗೆ ಬಂದು ನಡೆದ ವ್ಯಾಜ್ಯ 1960ರ ದಶಕದ ಆರಂಭದವರೆಗೂ ಎಳೆಯಿತು. ಆ ತನಕ ಅವನ ಬಳಿ ಉಳಿದಿದ್ದ ಕೃತಿಗಳ ಗಣನೀಯ ಭಾಗ ಬೀಗದೊಳಗಿತ್ತು. ಅವನನ್ನು ಕುರಿತ ಮೊದಲ ತೀರ್ಪುಗಳು ಹೊರಬಿದ್ದದ್ದು ಇಂಥ ಪರಿಸ್ಥಿತಿಯಲ್ಲಿ. 1998ರ ಪ್ರದರ್ಶನ, 2011ರಲ್ಲಿ ಲ ಕಾನೆಯಲ್ಲಿ ತೆರೆದ ಬೊನಾರ್ ಸಂಗ್ರಹಾಲಯ, ಸ್ಮೃತಿಯನ್ನೇ ಮುಖ್ಯ ಸೂತ್ರವಾಗಿಟ್ಟುಕೊಂಡ 2019ರ ಟೇಟ್ ಮಾಡರ್ನ್ ಪ್ರದರ್ಶನ ಇವು ಆ ತೀರ್ಪುಗಳನ್ನು ಪುನಃ ಪರಿಶೀಲಿಸಲು ಅವಕಾಶ ಮಾಡಿಕೊಟ್ಟಿವೆ.

ಝೆರ್ವೊಸ್ ಎತ್ತಿದ ಪ್ರಶ್ನೆಯನ್ನು ಹೀಗೆ ಬೇರೆ ನೆಲೆಯಲ್ಲಿ ನಿಂತು ಎದುರಿಸಬೇಕಾಗಿದೆ. ಪಿಕಾಸೊಗೆ ಅನಿಶ್ಚಯವಾಗಿ ಕಂಡದ್ದು ಮುಗಿಸಲು ಒಪ್ಪದ ಪ್ರಾಮಾಣಿಕತೆಯೂ ಆಗಿದ್ದೀತು. ಹಿಂದೆ ಕಂಡ ಕಡಲು, ಹಿಂದೆ ಕುಳಿತ ತೋಟ ಇಂದಿನ ಮನಸ್ಸಿಗೆ ಹೇಗೆ ಕಾಣುತ್ತವೆ ಎಂದು ಕೇಳಿಕೊಳ್ಳುವ ಚಿತ್ರಕಾರನಿಗೆ, ಮನಸ್ಸು ಬದಲಾಗುತ್ತಿರುವವರೆಗೂ ಚಿತ್ರ ಮುಗಿಯುವುದಿಲ್ಲ. ಬಾದಾಮಿ ಮರದ ಬುಡದಲ್ಲಿ ಹಸಿರನ್ನು ಮುಚ್ಚಿದ ಆ ಹಳದಿಯ ಸಣ್ಣ ತುಣುಕು ಇಂದಿಗೂ ಚಿತ್ರದಲ್ಲಿದೆ. ಬೊನಾರ್‌ನ ಕೊನೆಯ ತಿದ್ದುಪಡಿ ಅದು.